ಹನ್ನೆರಡು ಮಂದಿ ಹಂಚಿಕೊಂಡ ಕ್ರಿಯಾಪದ

ತಪ್ಪು ನನ್ನದು ಮತ್ತು ನಾನು ದುಡಿಯುವ ತರಬೇತಿ ಸಂಸ್ಥೆಯದು. ಅದರ ಫಲ ಉಂಡವರು ಕಲಘಟಗಿ ತಾಲ್ಲೂಕಿನ ಹನ್ನೆರಡು ಮಂದಿ ಅಂಗನವಾಡಿ ಕಾರ್ಯಕರ್ತೆಯರು. ಮೇಲ್ವಿಚಾರಕಿಯ ಹುದ್ದೆಗಾಗಿ ಬರೆದ ಪರೀಕ್ಷೆಯಲ್ಲಿ ಅವರು ಉಳಿದ ಎಲ್ಲ ಪತ್ರಿಕೆಗಳನ್ನೂ ದಾಟಿ, ಇಂಗ್ಲಿಷ್ ಒಂದರಲ್ಲಿ ಹನ್ನೆರಡೂ ಮಂದಿ ನಪಾಸಾದರು. ಒಬ್ಬಿಬ್ಬರು ನಪಾಸಾದರೆ ಅವರ ಓದನ್ನು ದೂರಬಹುದು. ಇಡೀ ತರಗತಿಯೇ ನಪಾಸಾದರೆ ಕಲಿಸಿದವರನ್ನು ಕೇಳಬೇಕು. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ತರಗತಿ ನಡೆಯುತ್ತಿದ್ದುದು ಮಿಶ್ರಿಕೋಟಿಯ ಒಂದು ಅಂಗನವಾಡಿ ಕೇಂದ್ರದಲ್ಲಿ, ಪ್ರತಿ ರವಿವಾರ ಹತ್ತರಿಂದ ಒಂದು ಗಂಟೆಯವರೆಗೆ. ವಾರವಿಡೀ ಮಕ್ಕಳು ಕೂರುವ ಚಾಪೆಯ ಮೇಲೆ ಆ ದಿನ ಮಕ್ಕಳ ಟೀಚರುಗಳು ಕೂರುತ್ತಿದ್ದರು. ತೊಲೆಗೆ ತೂಗುಹಾಕಿದ ತೂಕದ ತಕ್ಕಡಿ, ಗೋಡೆಯ ಮೇಲೆ ತರಕಾರಿಗಳ ಪಟ, ಮೂಲೆಯಲ್ಲಿ ಆಹಾರದ ಚೀಲಗಳು. ಕರಿಹಲಗೆ ಮಕ್ಕಳ ಎತ್ತರಕ್ಕೆ ಇದ್ದುದರಿಂದ ನಾನು ಬಗ್ಗಿ ಬರೆಯಬೇಕಾಗುತ್ತಿತ್ತು. ನಾನು ಧಾರವಾಡದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ಬಸ್ಸು, ಗಂಡನ ಬೈಕು, ನೆರೆಮನೆಯವರ ಸ್ಕೂಟಿ, ಏನು ಸಿಕ್ಕಿತೋ ಅದರಲ್ಲಿ ಬರುತ್ತಿದ್ದರು. ಪಾಠ ಮುಗಿದ ಮೇಲೆ ಎಲ್ಲರ ಬುತ್ತಿಯೂ ಒಂದೇ ಚಾಪೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಯಾರ ರೊಟ್ಟಿ ಯಾರ ಪಲ್ಯದ ಜೊತೆಗೆ ಹೋಯಿತೆಂದು ಯಾರೂ ನೋಡುತ್ತಿರಲಿಲ್ಲ. ನಾನು ಆ ಬುತ್ತಿಯನ್ನು ಉಂಡೆನೇ ಹೊರತು ನೋಡಲಿಲ್ಲ. ನೋಡಿದ್ದರೆ ಮುಂದಿನದು ಆಗಲೇ ತಿಳಿಯುತ್ತಿತ್ತು.

ಅವರಲ್ಲಿ ಬಮ್ಮಿಗಟ್ಟಿಯಿಂದ ಬರುತ್ತಿದ್ದವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ತಮ್ಮ ಊರಿನ ಎರಡು ತಲೆಮಾರಿನ ಮಕ್ಕಳಿಗೆ ಉಪ್ಪಿಟ್ಟು ಉಣಿಸಿ, ಹಾಡು ಕಲಿಸಿ, ತೂಕ ಬರೆದಿಟ್ಟವರು. ತಾವು ತೊಟ್ಟಿಲಲ್ಲಿ ತೂಗಿದ ಹುಡುಗಿಯೇ ಈಗ ತನ್ನ ಮಗುವನ್ನು ತಂದು ಅವರ ಕೇಂದ್ರದಲ್ಲಿ ಬಿಡುತ್ತಿದ್ದಳು. ಮೇಲ್ವಿಚಾರಕಿಯಾಗಬೇಕೆಂಬುದು ಅವರ ಬಹುಕಾಲದ ಆಸೆ. ತಮ್ಮ ಕೇಂದ್ರಕ್ಕೆ ಬರುವ ಮೇಲ್ವಿಚಾರಕಿಯರು ವಹಿ ನೋಡಿ, ಸಹಿ ಹಾಕಿ, ಮಗುವಿನ ಮುಖ ನೋಡದೆ ಹೋಗುವುದನ್ನು ಕಂಡು ಹುಟ್ಟಿದ ಆಸೆ ಅದು. ವಯೋಮಿತಿಯ ಪ್ರಕಾರ ಅವರಿಗೆ ಉಳಿದದ್ದು ಎರಡು ಅವಕಾಶ. ಮೊದಲನೆಯದನ್ನು ನಾವು ಹಾಳು ಮಾಡಿದೆವು.

ಕನ್ನಡದಲ್ಲಿ ಮಕ್ಕಳನ್ನು ಸಾಕುವ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಏಕೆ ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಎತ್ತಿದ್ದೇನೆ, ಈಗಲೂ ಎತ್ತುತ್ತೇನೆ. ದೊಡ್ಡಕ್ಕ ಎತ್ತಲಿಲ್ಲ. ಮೊದಲ ದಿನವೇ ಅವರು ತಮ್ಮ ಕೆಲಸದ ಫೋನನ್ನು ನನ್ನ ಕೈಗಿಟ್ಟು, ಅದರಲ್ಲಿ ಬರುವ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ, ಮಗುವಿನ ಫೋಟೋ ತೆಗೆಯುವ ಗುಂಡಿಯನ್ನು ಬಣ್ಣ ನೋಡಿ ಒತ್ತುತ್ತೇನೆ, ಬಣ್ಣ ಬದಲಿಸಿದ ದಿನ ಕೆಲಸ ನಿಲ್ಲುತ್ತದೆ ಎಂದರು. ಆ ಗುಂಡಿಯ ಮೇಲೆ ಇದ್ದ ಎರಡು ಪದಗಳಲ್ಲಿ ಮೊದಲನೆಯದು ‘ಟೇಕ್’.

ನಮ್ಮ ಸಂಸ್ಥೆಯ ಅಭ್ಯಾಸ ಪುಸ್ತಕವನ್ನು ಬರೆದವಳು ನಾನೇ. ಅದರಲ್ಲಿ ಪರೀಕ್ಷೆಗೆ ಪದೇ ಪದೇ ಬರುವ ಹತ್ತು ಇಂಗ್ಲಿಷ್ ಕ್ರಿಯಾಪದಗಳಿದ್ದವು. ಅವುಗಳಲ್ಲಿ ದೊಡ್ಡದು ‘ಟೇಕ್’. ಅದರ ನಲವತ್ತೆಂಟು ಬಳಕೆಗಳನ್ನು ಹೆಕ್ಕಿ, ಒಂದೊಂದಕ್ಕೆ ಒಂದು ಕನ್ನಡ ಅರ್ಥ ಮತ್ತು ಒಂದು ಇಂಗ್ಲಿಷ್ ವಾಕ್ಯ ಕೊಟ್ಟಿದ್ದೆ. ನನ್ನ ವಾಕ್ಯಗಳಲ್ಲಿ ಒಬ್ಬ ಗೃಹಸ್ಥ ಕೊಡೆ ಹಿಡಿದು ನಿಲ್ದಾಣಕ್ಕೆ ಹೋಗುತ್ತಿದ್ದ, ಒಬ್ಬ ಮುದುಕಿ ತೋಟದಲ್ಲಿ ಕುಳಿತು ಚಹಾ ಸೇವಿಸುತ್ತಿದ್ದಳು, ಒಂದು ವಿಮಾನ ಮೇಲೇರುತ್ತಿತ್ತು. ಒಂದು ಮಗುವೂ ಇರಲಿಲ್ಲ, ಒಂದು ತಕ್ಕಡಿಯೂ ಇರಲಿಲ್ಲ. ಶೋಷಿತರ ಪರವಾದ ಶಿಕ್ಷಣ ಎಂದು ಮುನ್ನುಡಿಯಲ್ಲಿ ಬರೆದಿದ್ದ ನಾನು, ಒಳಗಿನ ಪುಟಗಳನ್ನು ಹಳೆಯ ಗೈಡುಗಳಿಂದ ಎತ್ತಿ ಇಟ್ಟಿದ್ದೆ. ಇದು ಮೊದಲ ತಪ್ಪು.

ಎರಡನೆಯ ತಪ್ಪು ಪಾಠ ಕೇಳುವ ಕ್ರಮದಲ್ಲಿತ್ತು. ನಾನು ಪ್ರಶ್ನೆಯನ್ನು ಇಡೀ ತರಗತಿಗೆ ಹಾಕುತ್ತಿದ್ದೆ. “ಟೇಕ್ ಪ್ಲೇಸ್?” ಎನ್ನುವಷ್ಟರಲ್ಲಿ “ನಡೆಯುವುದು” ಎಂದು ಉತ್ತರ ಬರುತ್ತಿತ್ತು. “ಟೇಕ್ ಆಫ್ಟರ್?” “ಹೋಲುವುದು.” “ಇಟ್ ಟೇಕ್ಸ್ ಆ್ಯನ್ ಅವರ್?” “ಒಂದು ತಾಸು ಹಿಡಿಯುತ್ತದೆ.” ಎಂಟನೆಯ ವಾರಕ್ಕೆ ನಲವತ್ತೆಂಟಕ್ಕೂ ಉತ್ತರ ಬರತೊಡಗಿತು, ಒಂದು ಕ್ಷಣವೂ ತಡವಿಲ್ಲದೆ. ನಮ್ಮ ವರದಿಯ ನಮೂನೆಯಲ್ಲಿ ‘ತರಗತಿ ಉತ್ತರಿಸಿತೇ?’ ಎಂಬ ಒಂದೇ ಕಾಲಂ ಇದೆ. ಅದರಲ್ಲಿ ವಾರವಾರವೂ ಹೌದು ಎಂದು ಬರೆದೆ. ಯಾವ ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಕೇಳಿಸಿಕೊಳ್ಳಲಿಲ್ಲ. ನನ್ನ ಪಾಠದ ಯಶಸ್ಸಿನ ಸದ್ದು ನನಗೆ ಅಷ್ಟು ಹಿತವಾಗಿತ್ತು.

ಪರೀಕ್ಷೆಯ ಫಲಿತಾಂಶ ಬಂದ ರವಿವಾರ ಹನ್ನೆರಡೂ ಮಂದಿ ಬಂದರು. ಅಳುವವರು ಯಾರೂ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು, ಒಬ್ಬೊಬ್ಬರನ್ನೇ ಬಾಜೂ ಕೂರಿಸಿ, ಯಾವುದಕ್ಕೆ ಏನು ಬರೆದಿರಿ ಎಂದು ಕೇಳಿ ಗುರುತು ಹಾಕುತ್ತ ಹೋದೆ. ಮೂವರು ಮುಗಿಯುವ ಹೊತ್ತಿಗೆ ವಿಚಿತ್ರವಾದದ್ದೊಂದು ಕಂಡಿತು. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಂದಿರಲಿಲ್ಲ. ಬಂದದ್ದು ಮಾತ್ರ ಕಾಮಾ ಸಮೇತ ಸರಿ. ಬಾರದ್ದನ್ನು ಮುಟ್ಟಿರಲೇ ಇಲ್ಲ. ಹನ್ನೆರಡು ಮಂದಿಯ ಉತ್ತರಗಳನ್ನು ಒಂದೇ ಹಾಳೆಗೆ ಇಳಿಸಿದಾಗ ಎಲ್ಲಿಯೂ ತಪ್ಪಿಲ್ಲದ ಒಂದು ಪತ್ರಿಕೆ ತಯಾರಾಯಿತು.

ಮಿಶ್ರಿಕೋಟಿಯ ಕಾರ್ಯಕರ್ತೆ, ತರಗತಿಯಲ್ಲೆಲ್ಲ ಹೆಚ್ಚು ಬಾಯಿ ಇದ್ದವರು, ನನ್ನ ಮುಖ ನೋಡಿ ತಾವೇ ಹೇಳಿದರು.

“ನಾ ಮೂರನೇ ಪುಟದಾಕಿರಿ ಮೇಡಂರಿ. ಎರಡನೇ ಪುಟದ್ದು ನನಗ ಯಾಕ ಕೇಳ್ತೀರಿ, ಅಕೀನ್ನ ಕೇಳ್ರಿ.”

ನಲವತ್ತೆಂಟನ್ನು ಹನ್ನೆರಡರಿಂದ ಭಾಗಿಸಿ, ಒಬ್ಬೊಬ್ಬರು ಒಂದೊಂದು ಪುಟದಂತೆ ನಾಲ್ಕು ನಾಲ್ಕು ಹಿಡಿದುಕೊಂಡಿದ್ದರು. ಉಳಿದ ಒಂಬತ್ತು ಕ್ರಿಯಾಪದಗಳನ್ನೂ ಹಾಗೆಯೇ. ಮೊದಲ ವಾರವೇ ಬುತ್ತಿ ಉಣ್ಣುತ್ತ ಹಂಚಿಕೊಂಡಿದ್ದರಂತೆ. ಪರೀಕ್ಷೆಯಲ್ಲಿ ಒಬ್ಬರೇ ಕೂರಬೇಕಾಗುತ್ತದೆಂದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತು. ಆದರೆ ವಾರವಾರವೂ ನಾನು ಹೊಗಳುತ್ತಿದ್ದೆನಲ್ಲ, ಇಷ್ಟು ಸಾಕು ಎಂದುಕೊಂಡಿದ್ದರು. ದೊಡ್ಡಕ್ಕ ಇದನ್ನು ನನಗೆ ತಪ್ಪೊಪ್ಪಿಗೆಯಂತೆ ಹೇಳಲಿಲ್ಲ. ತಿಳಿಯದವಳಿಗೆ ತಿಳಿಸುವಂತೆ ಹೇಳಿದರು.

“ಹೊಲದಾಗಿನ ಕಸಾ ಒಬ್ಬಾಕಿ ತಗೀತಾಳೇನ್ರಿ? ಸಾಲು ಹಂಚ್ಕೊಂಡ ತಗೀತೇವಿ. ನನ್ನ ಪಾಲಿನ ನಾಕು ಈಗೂ ಕೇಳ್ರಿ, ನಿದ್ದಿಗಣ್ಣಾಗ ಹೇಳ್ತೀನಿ.”

ಕೇಳಿದೆ. ಹೇಳಿದರು. ಸರಿಯಾಗಿತ್ತು.

ನಮ್ಮ ಸಂಸ್ಥೆಯ ಸಂಯೋಜಕರಿಗೆ ಇದನ್ನು ತಿಳಿಸಿದೆ. ಅವರ ಪರಿಹಾರ ಎರಡು ವಾಕ್ಯಗಳಲ್ಲಿ ಮುಗಿಯಿತು: ಒಬ್ಬೊಬ್ಬರನ್ನು ಬೇರೆ ಬೇರೆ ಕೂರಿಸಿ ವಾರಕ್ಕೊಂದು ಪರೀಕ್ಷೆ ಮಾಡಿ, ಅಂಕಗಳನ್ನು ಗೋಡೆಗೆ ಅಂಟಿಸಿ. ಈ ಹಂಚಿಕೆಯ ಚಟ ಬಿಡುವವರೆಗೂ ಅವರು ಮುಂದೆ ಬರುವುದಿಲ್ಲ ಎಂದೂ ಸೇರಿಸಿದರು. ನಾನು ಒಪ್ಪಿಕೊಂಡೆ. ಇದು ಮೂರನೆಯ ತಪ್ಪು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಾಚಿಕೆಯದು. ಸಹಕಾರದ ಬಗ್ಗೆ ಭಾಷಣ ಮಾಡುತ್ತಲೇ ಬೆಳೆದವಳು ನಾನು.

ಮೂರು ರವಿವಾರ ಹಾಗೆ ನಡೆಸಿದೆ. ಚಾಪೆಯನ್ನು ತೆಗೆದು, ಗೋಡೆಗುಂಟ ಒಬ್ಬೊಬ್ಬರನ್ನು ದೂರ ದೂರ ಕೂರಿಸಿದೆ. ಒಬ್ಬರನ್ನು ನಿಲ್ಲಿಸಿ ಕೇಳಿದರೆ ಉಳಿದ ಹನ್ನೊಂದು ಮಂದಿ ನೆಲ ನೋಡುತ್ತಿದ್ದರು. ಉತ್ತರ ಬಾರದವರ ಅವಮಾನವನ್ನು ತಾವು ನೋಡಬಾರದು ಎಂಬ ಮರ್ಯಾದೆ ಅದು. ಅಂಕಪಟ್ಟಿಯನ್ನು ತರಕಾರಿಗಳ ಪಟದ ಪಕ್ಕದಲ್ಲಿ ಅಂಟಿಸಿದೆ. ಸೋಮವಾರ ಮಕ್ಕಳು ಬರುವ ಮುಂಚೆ ಮಿಶ್ರಿಕೋಟಿಯವರು ಅದನ್ನು ಕಿತ್ತು ಒಲೆಗೆ ಹಾಕಿದ್ದರು. ಎರಡನೆಯ ವಾರ ಒಂಬತ್ತು ಮಂದಿ ಬಂದರು, ಮೂರನೆಯ ವಾರ ಐದು. ದೊಡ್ಡಕ್ಕ ಎರಡು ವಾರ ಬರಲಿಲ್ಲ.

ಬುಧವಾರ ನಾನು ಬಮ್ಮಿಗಟ್ಟಿಗೆ ಹೋದೆ. ಮಕ್ಕಳ ಊಟ ಮುಗಿದು, ಅವರು ತಟ್ಟೆ ತೊಳೆಯುತ್ತಿದ್ದರು. ಸಹಾಯಕಿಗೆ ಜ್ವರ ಬಂದಿತ್ತು. ನಾನೂ ಸೀರೆ ಎತ್ತಿ ಕಟ್ಟಿ ತಟ್ಟೆ ಒರೆಸಲು ಕುಳಿತೆ. ಅವರೇ ಮಾತು ತೆಗೆದು, ಹೊಲದ ಕೆಲಸ ಜೋರಾಗಿದೆ, ಕಳೆದ ರವಿವಾರ ನಾಲ್ಕು ಮನೆಯವರು ತಮ್ಮ ಗೋವಿನಜೋಳದ ಹೊಲಕ್ಕೆ ಕಳೆ ತೆಗೆಯಲು ಬಂದಿದ್ದರು, ಬರುವ ರವಿವಾರ ಮುಯ್ಯಿಗೆ ತಾವು ಹೋಗಬೇಕು ಎಂದರು. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿಯ ಮಾತಿಲ್ಲದ ಈ ಕೊಡುಕೊಳ್ಳುವಿಕೆಯನ್ನು ಅಲ್ಲಿ ಮುಯ್ಯಿ ಎನ್ನುತ್ತಾರೆ. ಮಾತಿಗೆ ಮಾತು ಎಂಬಂತೆ ನಾನು ಕೇಳಿದೆ: ಯಾವ ಹೊಲಕ್ಕೆ ಹೋದರೂ ನಿಮ್ಮ ಸಾಲು ನಿಮಗೇ ಇರುತ್ತದೆಯೇ?

ಅವರು ಕೈಯೊಳಗಿನ ತಟ್ಟೆ ಬಿಟ್ಟು ನಕ್ಕರು.

“ಒಂದ ಸಾಲಿಗೆ ನಮ್ಮನ್ನ ಲಗ್ನ ಮಾಡಿ ಕೊಟ್ಟಾರೇನ್ರಿ? ದಂಡಿ ಸಾಲಿನಾಗ ಕರಕಿ ಭಾಳ ಇರ್ತದ, ಬೆರಳ ಹರದ ಹೋಗ್ತಾವು. ದಿನಾ ಒಬ್ಬಾಕೀಗೇ ಅದನ್ನ ಕೊಟ್ರ ಅಕಿ ಮರುದಿನ ಬರತಾಳೇನು? ಇವತ್ತ ದಂಡಿಗೆ ಇದ್ದಾಕಿ ನಾಳೆ ನಡಬರಕ ನಿಂದರತಾಳ. ಹಿಂಗ ತಿರಗತಿರಬೇಕು.”

ಹೊಲದ ಅಂಚಿನ ಸಾಲಿನಲ್ಲಿ ಕರಿಕೆಹುಲ್ಲು ದಟ್ಟ. ಅದಕ್ಕಾಗಿ ಸಾಲು ದಿನವೂ ಬದಲಾಗುತ್ತದೆ. ನಾನು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟೆ. ಪುಸ್ತಕವನ್ನು ಹಂಚಿಕೊಳ್ಳುವಾಗ ಇವರು ಮುಯ್ಯಿಯ ಅರ್ಧವನ್ನು ಮಾತ್ರ ತಂದಿದ್ದರು. ಉಳಿದರ್ಧಕ್ಕೆ ದಾರಿ ಕೊಡದವಳು ನಾನು. ಪ್ರತಿವಾರ ಅದೇ ಪ್ರಶ್ನೆ, ಅದೇ ಅನುಕ್ರಮ, ಅದೇ ಬಾಯಿಂದ ಉತ್ತರ. ಯಾರ ಸಾಲೂ ತಿರುಗಲಿಲ್ಲ.

“ದೊಡ್ಡಕ್ಕಾ, ಹಂಚ್ಕೊಳ್ಳೂದು ಬಿಡಬ್ಯಾಡ್ರಿ. ಸಾಲು ತಿರಗಸೂಣು,” ಎಂದೆ.

ಅವರು ತಟ್ಟೆಯಿಂದ ನೀರು ಝಾಡಿಸುತ್ತ, ಮೊದಲ ಚಾಪಿ ಹಾಸ್ರಿ ಹಂಗಾರ, ಎಂದರು. ಅಷ್ಟೇ ಮಾತುಕತೆ. ಆ ಗಳಿಗೆಯಲ್ಲಿ ನಾನು ಸಂಯೋಜಕರ ಸೂಚನೆಯನ್ನು ಕೈಬಿಟ್ಟೆ. ಅವರಿಗೆ ಹೇಳಿಯೇ ಕೈಬಿಟ್ಟೆ. ನಿಮ್ಮ ಜವಾಬ್ದಾರಿಯ ಮೇಲೆ ಮಾಡಿ ಎಂದರು. ಮಾಡಿದೆ.

ಹೊಸ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇರೆ ತಾಲ್ಲೂಕಿನಲ್ಲಿ ಯಾರಿಗಾದರೂ ಬೇಕಾಗಬಹುದು. ಹಳೆಯ ಕ್ಯಾಲೆಂಡರುಗಳ ಹಾಳೆಗಳನ್ನು ಕತ್ತರಿಸಿ ನಲವತ್ತೆಂಟು ಚೀಟಿ ಮಾಡಿದೆವು. ಒಂದೊಂದರ ಮೇಲೆ ‘ಟೇಕ್’ನ ಒಂದು ಬಳಕೆ. ನನ್ನ ಗೃಹಸ್ಥನನ್ನೂ ಅವನ ಕೊಡೆಯನ್ನೂ ಹೊರಗೆ ಕಳಿಸಿ, ಒಬ್ಬೊಬ್ಬರು ತಮ್ಮ ಪಾಲಿನ ನಾಲ್ಕಕ್ಕೆ ತಮ್ಮ ಕೆಲಸದಿಂದಲೇ ವಾಕ್ಯ ತಂದರು. ಹಾಜರಿ ಹಾಕುವುದು ‘ಟೇಕ್’. ರಜೆ ಹಾಕುವುದೂ ‘ಟೇಕ್’. ಬಸುರಿ ಕಬ್ಬಿಣದ ಗುಳಿಗೆ ನುಂಗುವುದು, ಮಗುವಿನ ಜ್ವರ ನೋಡುವುದು, ಫೋಟೋ ತೆಗೆಯುವುದು, ಹೇಳಿದ್ದನ್ನು ಬರೆದುಕೊಳ್ಳುವುದು, ಚಾರ್ಜು ವಹಿಸಿಕೊಳ್ಳುವುದು, ಪಾಳಿಯ ಮೇಲೆ ಮಾಡುವುದು, ಅಳುತ್ತಿದ್ದ ಹೊಸ ಮಗು ಕೇಂದ್ರಕ್ಕೆ ಹೊಂದಿಕೊಳ್ಳುವುದು: ಎಲ್ಲಕ್ಕೂ ಅದೇ ಒಂದು ಕ್ರಿಯಾಪದ, ಹಿಂದೆ ಮುಂದೆ ಬೇರೆ ಬೇರೆ ಸಣ್ಣ ಪದಗಳನ್ನು ಕಟ್ಟಿಕೊಂಡು. ‘ಅದು ಹೊತ್ತು ಹಿಡಿಯುತ್ತದೆ’ ಎನ್ನಲೂ ಅದೇ. ‘ಮಗು ತಾಯಿಯನ್ನು ಹೋಲುತ್ತದೆ’ ಎನ್ನಲೂ ಅದೇ. ಈ ಕೊನೆಯದಕ್ಕೆ ಒಬ್ಬರು, ಮುನಿಸಿಕೊಳ್ಳುವುದರಲ್ಲಿ ನನ್ನ ಮಗಳು ನನ್ನ ಅತ್ತೆಯನ್ನು ಹೋಲುತ್ತಾಳೆ ಎಂದು ವಾಕ್ಯ ಮಾಡಿ, ಚೀಟಿಯನ್ನು ಮನೆಗೆ ಒಯ್ಯಲು ಒಪ್ಪಲಿಲ್ಲ.

ಎಲ್ಲಿ ‘ಟೇಕ್’ ನಡೆಯುವುದಿಲ್ಲ ಎಂಬುದೇ ದೊಡ್ಡ ಜಗಳ. ಮಗುವಿನ ತೂಕ ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದ ಇದೆ, ಇಲ್ಲಿ ಅದನ್ನೇ ಬಳಸಬೇಕು ಎಂದೆ. ಮಿಶ್ರಿಕೋಟಿಯವರು ತಕ್ಕಡಿಗೆ ಕೈ ಹಚ್ಚಿ ನಿಂತು ಒಪ್ಪಲೇ ಇಲ್ಲ. “ಜ್ವರಾ ತಗೊಂಡ್ರ ನಡೀತೈತಿ, ತೂಕಾ ತಗೊಂಡ್ರ ಯಾಕ ನಡ್ಯಂಗಿಲ್ರಿ? ಎರಡೂ ಅದ ಕೂಸಿಂದಲ್ಲ?” ಭಾಷೆಯಲ್ಲಿ ರೂಢಿಯೇ ಕಾಯಿದೆ, ಅದಕ್ಕೆ ಕಾರಣ ಕೇಳಿದರೆ ಸಿಗುವುದಿಲ್ಲ ಎಂದು ಒಪ್ಪಿಕೊಂಡೆ. ಮನೆಯ ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದು ಯಾರೋ ಹಿಂದಿನಿಂದ ಅಂದರು. ಅದನ್ನೂ ಒಂದು ಚೀಟಿಯ ಮೇಲೆ ಬರೆದು, ಕೆಂಪು ಗೀಟು ಎಳೆದು ಬೇರೆ ಇಟ್ಟೆವು. ಅಂಥ ಕೆಂಪು ಚೀಟಿಗಳು ಹದಿನೈದು ಆದವು. ಅವೂ, ಉಳಿದ ಒಂಬತ್ತು ಕ್ರಿಯಾಪದಗಳ ಚೀಟಿಗಳೂ ಸಾಲು ತಿರುಗಿದವು.

ನಿಯಮ ಮೂರೇ. ಪ್ರತಿ ರವಿವಾರ ನಾಲ್ಕು ಚೀಟಿಗಳ ಕಟ್ಟು ಬಲಗಡೆಯವರಿಗೆ ಹೋಗಬೇಕು. ಕೊಟ್ಟವರು ವಾರದೊಳಗೆ ಒಮ್ಮೆ ಫೋನಿನಲ್ಲೋ ಎದುರಿಗೋ ಪಡೆದವರಿಗೆ ಅದನ್ನು ಕಲಿಸಬೇಕು. ಮತ್ತು ನಾನು ಪ್ರಶ್ನೆ ಕೇಳುವುದು ಕೊಟ್ಟವರನ್ನಲ್ಲ, ಪಡೆದವರನ್ನು. ಪಡೆದವರು ತಪ್ಪಿದರೆ ಕೊಟ್ಟವರ ಮುಯ್ಯಿ ತೀರಲಿಲ್ಲವೆಂದು ಅರ್ಥ. ಹೀಗೆ ಮಾಡಿದಾಗ ತಪ್ಪು ಉತ್ತರದ ನಾಚಿಕೆ ಒಬ್ಬರ ತಲೆಯ ಮೇಲೆ ಬೀಳುವುದು ನಿಂತಿತು. ಕೊಟ್ಟವರು ಬಾಯಿ ಮುಚ್ಚಿಕೊಂಡಿರಬೇಕೆಂಬುದು ಮಾತ್ರ ಕೊನೆಯವರೆಗೂ ಕಷ್ಟವಾಯಿತು. ಮಿಶ್ರಿಕೋಟಿಯವರು ಸೆರಗನ್ನು ಬಾಯೊಳಗೆ ತುರುಕಿಕೊಂಡು ಕೂರುತ್ತಿದ್ದರು. ಆದರೂ ಹುಬ್ಬಿನಿಂದ ಉತ್ತರ ಹೇಳುತ್ತಿದ್ದರು. ಅವರನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸುವ ತೀರ್ಮಾನ ಸರ್ವಾನುಮತದಿಂದ ಆಯಿತು.

ಎಡವಿದ್ದೂ ಉಂಟು. ಶ್ರಾವಣದಲ್ಲಿ ಪೂಜೆ-ಪುರಾಣ, ಆಮೇಲೆ ಸುಗ್ಗಿ. ಎರಡು ಮೂರು ಕಟ್ಟುಗಳು ಯಾರ ಯಾರದೋ ಮನೆಯಲ್ಲಿ ನಿಂತವು. ಒಂದು ಕಟ್ಟು ಮಳೆಗೆ ತೋಯ್ದು ಹೊಸದಾಗಿ ಬರೆಯಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ತ್ರಾಸಾದದ್ದು ದೊಡ್ಡಕ್ಕನಿಗೆ. ಚಿಕ್ಕ ವಯಸ್ಸಿನವರಿಗೆ ಎರಡು ವಾರಕ್ಕೆ ನಿಲ್ಲುತ್ತಿದ್ದುದು ಅವರಿಗೆ ನಾಲ್ಕು ವಾರ ಬೇಡುತ್ತಿತ್ತು; ಹೊಸ ಕಟ್ಟು ಬಂದಾಗ ಹಳೆಯದು ಜಾರುತ್ತಿತ್ತು. ಒಂದು ರವಿವಾರ ಐದು ಪ್ರಶ್ನೆಗಳಿಗೆ ಐದೂ ತಪ್ಪಿದವು. ಅವರು ಚೀಟಿಗಳನ್ನು ಜೋಡಿಸಿ, ರಬ್ಬರ್ ಹಾಕಿ, ನನ್ನ ಮುಂದಿಟ್ಟರು. ಈ ತಲೆ ಮಕ್ಕಳ ಹೆಸರು ನೆನಪಿಡುವುದರಲ್ಲೇ ತುಂಬಿಹೋಗಿದೆ, ಜಾಗ ಇಲ್ಲ, ನನ್ನಿಂದ ಉಳಿದವರ ಸಾಲು ಯಾಕೆ ನಿಲ್ಲಬೇಕು ಎಂದರು. ಇನ್ನೊಂದು ಪರೀಕ್ಷೆಯಾದ ಮೇಲೆ ಅವರಿಗೆ ಬಾಗಿಲು ಮುಚ್ಚುತ್ತದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೋಡೆಗೆ ಮುಖ ಮಾಡಿ ಕುಳಿತಿದ್ದ ಮಿಶ್ರಿಕೋಟಿಯವರು ತಿರುಗಿದರು.

“ಯಕ್ಕಾ, ಹೊಲದಾಗ ನೀ ಹಿಂದ ಬಿದ್ರ ನಾವು ಬದುವಿಗೆ ಹೋಗಿ ಕುಂತೇವೇನು? ಎರಡೂ ಕಡಿಯಾಕಿ ಕೈ ಹಾಕಿ ನಿನ್ನ ಸಾಲು ಮುಂದ ತರತೇವಿ. ಸುಮ್ನ ಚೀಟಿ ಎತ್ಕೋ ಬೇ.”

ದೊಡ್ಡಕ್ಕ ಚೀಟಿ ಎತ್ತಿಕೊಂಡರು. ಅಂದಿನಿಂದ ಅವರ ಎಡಬಲದವರು ಪಾಳಿಯ ಮೇಲೆ ದಿನಾ ಬೆಳಿಗ್ಗೆ ಕೇಂದ್ರ ತೆರೆಯುವ ಮೊದಲು ಫೋನು ಹಚ್ಚಿ ನಾಲ್ಕು ಪ್ರಶ್ನೆ ಕೇಳತೊಡಗಿದರು. ಅವರು ಕಸ ಗುಡಿಸುತ್ತ ಉತ್ತರ ಹೇಳುತ್ತಿದ್ದರಂತೆ. ಮಕ್ಕಳು ಅದನ್ನು ಕೇಳಿ ಕೇಳಿ ಕಲಿತು, ಬಮ್ಮಿಗಟ್ಟಿಯ ಓಣಿಯಲ್ಲಿ ಮೂರು ವರ್ಷದವರು “ಟೇಕ್ ಕೇರ್, ಟೇಕ್ ಕೇರ್” ಎಂದು ಎಮ್ಮೆಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ನಲವತ್ತೆಂಟರಲ್ಲಿ ಒಂದು ಬಳಕೆಗೆ ಮಾತ್ರ ಯಾರೂ ವಾಕ್ಯ ತರಲಿಲ್ಲ. ‘ಟೇಕ್ ಫಾರ್ ಗ್ರಾಂಟೆಡ್’: ಇವರು ಇದ್ದೇ ಇರುತ್ತಾರೆ, ಮಾಡೇ ಮಾಡುತ್ತಾರೆ ಎಂದು ಬಗೆದು ಬೆಲೆ ಕೊಡದಿರುವುದು. ನಾನು ಅರ್ಥ ಹೇಳಿ ಕಾದೆ. “ಇದಕ್ಕ ಉದಾಹರಣಿ ಬ್ಯಾಡ್ರಿ, ನಮ್ಮ ನೌಕರಿನ ಐತಿ,” ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕು, ಆ ಚೀಟಿಯ ವಾಕ್ಯದ ಜಾಗವನ್ನು ಖಾಲಿ ಬಿಟ್ಟರು. ಹನ್ನೆರಡೂ ಮಂದಿಗೆ ಮೊದಲ ಓದಿಗೇ ಬಾಯಿಪಾಠವಾದದ್ದು ಅದೊಂದೇ.

ಪರೀಕ್ಷೆಗೆ ಮುಂಚಿನ ರವಿವಾರ ನಾನು ಪ್ರಶ್ನೆಗಳನ್ನು ಕಲಸಿ, ಯಾವ ಕಟ್ಟಿನ ಅನುಕ್ರಮವನ್ನೂ ಇಟ್ಟುಕೊಳ್ಳದೆ, ಒಬ್ಬೊಬ್ಬರಿಗೆ ಬೇರೆ ಪತ್ರಿಕೆ ಕೊಟ್ಟೆ. ಈ ಸಲ ಬೇರೆ ಬೇರೆ ಕೂರಲು ಅವರೇ ಎದ್ದು ಹೋದರು. ದೊಡ್ಡಕ್ಕ ಎಲ್ಲರಿಗಿಂತ ನಿಧಾನವಾಗಿ, ಎಲ್ಲ ಪ್ರಶ್ನೆಗಳನ್ನೂ ಮುಟ್ಟಿ ಬರೆದರು. ತಪ್ಪುಗಳಿದ್ದವು, ಖಾಲಿ ಜಾಗ ಒಂದೂ ಇರಲಿಲ್ಲ.

ಫಲಿತಾಂಶದಲ್ಲಿ ಹತ್ತು ಮಂದಿ ಇಂಗ್ಲಿಷ್ ಪತ್ರಿಕೆಯನ್ನು ದಾಟಿದ್ದರು. ಮೇಲ್ವಿಚಾರಕಿಯರ ಆಯ್ಕೆ ಪಟ್ಟಿಯಲ್ಲಿ ಮೂವರ ಹೆಸರು ಬಂತು, ಮೂರನೆಯದು ದೊಡ್ಡಕ್ಕನದು. ದಾಟದೆ ಉಳಿದ ಇಬ್ಬರಲ್ಲಿ ಒಬ್ಬರು ಮಿಶ್ರಿಕೋಟಿಯವರು, ಉಳಿದವರ ಸಾಲು ತರುವುದರಲ್ಲಿ ತಮ್ಮದನ್ನು ಮರೆತವರು. ಅವರಿಗೆ ಇನ್ನೂ ವಯಸ್ಸಿದೆ. ನನ್ನನ್ನು ಕಂಡೊಡನೆ, “ಎಲ್ಲಾರೂ ಪಾಸಾದ್ರ ನೀವು ರವಿವಾರ ಯಾರ ಬುತ್ತಿ ಉಣ್ತಿದ್ರಿ? ಅದಕ್ಕ ಉಳಕೊಂಡೀನಿ,” ಎಂದರು. ಹಾಗೆ ಹೇಳುವಾಗ ಅವರು ತಕ್ಕಡಿಯ ಕೊಕ್ಕೆಯನ್ನು ಸರಿಮಾಡುತ್ತಿದ್ದರು. ಮುಖ ನನ್ನ ಕಡೆಗೆ ಇರಲಿಲ್ಲ.

ಈವರೆಗೆ ಬರೆಯದ ಒಂದು ಸಂಗತಿ ಉಳಿದಿದೆ. ಮುಂದಿನ ತಂಡಕ್ಕೆ ತರಗತಿಯನ್ನು ಎಲ್ಲಿ ನಡೆಸಬೇಕೆಂದು ನಮ್ಮ ಸಂಸ್ಥೆಯ ಪಠ್ಯ ಸಮಿತಿ ಸಭೆ ಸೇರಿ, ಮಿಶ್ರಿಕೋಟಿಯ ತರಗತಿಯನ್ನು ಮುಚ್ಚಲು ತೀರ್ಮಾನಿಸಿತು. ಕಾರಣ, ಮೊದಲ ಪರೀಕ್ಷೆಯ ಬಳಿಕ ಸಿದ್ಧವಾದ ವರದಿ. ಮೇಲ್ವಿಚಾರಕಿಯಾಗಿ ಅಧಿಕಾರ ವಹಿಸಿಕೊಂಡ ದಿನ ಧಾರವಾಡಕ್ಕೆ ಬಂದ ದೊಡ್ಡಕ್ಕ, ಈ ಸುದ್ದಿ ಕೇಳಿ ನಮ್ಮ ಕಚೇರಿಗೆ ನಡೆದು ಬಂದು, ಆ ವರದಿಯಲ್ಲಿ ನಮ್ಮ ಬಗ್ಗೆ ಏನು ಬರೆದಿದೆ, ತೋರಿಸಿ ಎಂದರು. ಅದು ಇಂಗ್ಲಿಷಿನಲ್ಲಿದೆ ಎಂದೆ. ಅಡ್ಡಿಯಿಲ್ಲ ಎಂದು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಪದ ಓದಿದರು. ಹನ್ನೆರಡು ಹೆಸರುಗಳ ಮುಂದೆ, ಹನ್ನೆರಡು ಸಲ, ಒಂದೇ ವಾಕ್ಯ ಇತ್ತು: ‘ಡಿಡ್ ನಾಟ್ ಟೇಕ್ ಇಂಟರೆಸ್ಟ್’.

ಅವರು ಬೆರಳನ್ನು ಅಲ್ಲಿಯೇ ಇಟ್ಟು ತಲೆ ಎತ್ತಿದರು.

“ಆಸಕ್ತಿ ವಹಿಸಲಿಲ್ಲ. ಹೌದಲ್ರಿ? ಇದು ನಮ್ಮ ನಲವತ್ತೆಂಟರಾಗ ಇರಲಿಲ್ಲಲ್ರಿ, ಮೇಡಂರಿ.”

ಕೆಳಗಿನ ಸಹಿ ಯಾರದೆಂದು ಅವರು ಕೇಳಲಿಲ್ಲ. ಎರಡು ಸಹಿಗಳಿದ್ದವು, ಒಂದು ಸಂಯೋಜಕರದು, ಇನ್ನೊಂದು ನನ್ನದು. ಅದನ್ನೂ ಓದಿಕೊಂಡರೆಂದು ನನಗೆ ಗೊತ್ತಾಯಿತು, ಏಕೆಂದರೆ ಹೋಗುವಾಗ ನನ್ನ ಬೆನ್ನ ಮೇಲೆ ಕೈಯಿಟ್ಟು, ಬರುವ ರವಿವಾರ ಊಟಕ್ಕೆ ಬರ್ರಿ ಎಂದು ಹೇಳಿಯೇ ಹೋದರು.

ಆದ್ದರಿಂದ ನಮ್ಮ ಸಂಸ್ಥೆಯ ಪಠ್ಯ ಸಮಿತಿಯ ಸದಸ್ಯರಲ್ಲಿ, ಸಂಯೋಜಕರಲ್ಲಿ ನನ್ನ ಒತ್ತಾಯ ಇದು. ಮಳೆಯಲ್ಲಿ, ಹೊಲದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದ ಹನ್ನೆರಡು ಮಂದಿಯ ಹೆಸರಿನ ಮುಂದೆ ಇರುವ ಆ ವಾಕ್ಯವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ, ‘ಕಲಿಸಿದ ಕ್ರಮ ತಪ್ಪಾಗಿತ್ತು’ ಎಂದು ಕನ್ನಡದಲ್ಲಿ ಬರೆಯಿರಿ. ಕೆಳಗೆ ನೀವು ಸಹಿ ಹಾಕಿ; ಮೊದಲ ಸಹಿ ನಾನು ಹಾಕಿ ಕಳಿಸಿದ್ದೇನೆ. ಆ ಹಾಳೆಯ ಒಂದೊಂದು ಪ್ರತಿಯನ್ನು ಹನ್ನೆರಡು ಮನೆಗಳಿಗೆ ಮುಟ್ಟಿಸಿ. ಮತ್ತು ಮಿಶ್ರಿಕೋಟಿಯ ತರಗತಿಯನ್ನು ಮುಂದಿನ ಪರೀಕ್ಷೆಯ ಪ್ರಕಟಣೆ ಬರುವ ಮುಂಚೆ ಮತ್ತೆ ತೆರೆಯಿರಿ. ಅಲ್ಲಿ ಇಬ್ಬರ ಸಾಲು ಇನ್ನೂ ಮುಗಿದಿಲ್ಲ.